‘ಹೆಂಗಸರೇ ಹಾಗೆ, ಗಂಡಸರೇ ಹೀಗೆ’ ಎನ್ನುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮದುವೆ ನಿಶ್ಚಯವಾದವರ ಜೊತೆಗೂ, ಮದುವೆಯಾಗಿ ಐದಾರು ವರ್ಷ ಕಳೆದವರ ಜೊತೆಗೂ ಆಪ್ತಸಮಾಲೋಚಕಿಯಾಗಿ ಕೂತು ಮಾತನಾಡುವಾಗ ನಾನು ಗಮನಿಸಿರುವ ಒಂದು ಸಂಗತಿಯಿದೆ. ಜಗಳ ಯಾವುದರ ಬಗ್ಗೆ ಎಂದು ಹೇಳುವುದಕ್ಕೆ ಮೊದಲೇ ಇಬ್ಬರೂ ಒಂದೊಂದು ಸಿದ್ಧಾಂತವನ್ನು ಮುಂದಿಡುತ್ತಾರೆ. ‘ಹೆಂಗಸರು ಸಣ್ಣದನ್ನೂ ದೊಡ್ಡದು ಮಾಡುತ್ತಾರೆ ಮೇಡಂ’ ಎಂದು ಅವರು, ‘ಗಂಡಸರಿಗೆ ಬಾಯಿಬಿಟ್ಟು ಹೇಳದೆ ಏನೂ ಅರ್ಥವಾಗುವುದಿಲ್ಲ’ ಎಂದು ಇವರು. ಇಂತಹ ಮಾತುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಕೇಳುವವರಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಉದಾಹರಿಸಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನಡೆದವು. ನಮ್ಮ ದಾಂಪತ್ಯದಲ್ಲಿ ಅತ್ತೆ, ಮಾವ, ತವರು ಎಂದು ಇನ್ನಷ್ಟು ಪಾತ್ರಧಾರಿಗಳಿರುವುದರಿಂದ, ಅವುಗಳನ್ನು ಇದ್ದಂತೆಯೇ ತಂದು ನಮ್ಮ ಮನೆಗಳಿಗೆ ಅಂಟಿಸಲು ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೆಣ್ಣಿನ ಮನಸ್ಸು, ಗಂಡಿನ ಮನಸ್ಸು ಮೂಲದಲ್ಲಿಯೇ ಬೇರೆ ಬೇರೆ ಎನ್ನುವುದು ನಿಜವೇ?

ಬಹುಪಾಲು ವಿಷಯಗಳಲ್ಲಿ ಅಲ್ಲ. ಜಾನೆಟ್ ಹೈಡ್ ಎಂಬ ಮನೋವಿಜ್ಞಾನಿ 2005ರಲ್ಲಿ, ಅದುವರೆಗೆ ನಡೆದಿದ್ದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ್ದ 46 ಸಮಗ್ರ ವಿಶ್ಲೇಷಣೆಗಳನ್ನು ಪರಿಶೀಲಿಸಿದರು. ಮಾತು, ಗಣಿತ, ಆತ್ಮವಿಶ್ವಾಸ, ಸಂವಹನ ಮುಂತಾದವುಗಳಲ್ಲಿ ಅಳೆದು ನೋಡಿದ್ದ ಲಿಂಗ ವ್ಯತ್ಯಾಸಗಳ ಪೈಕಿ 78% ತೀರಾ ಸಣ್ಣವು ಅಥವಾ ಸೊನ್ನೆಗೆ ಹತ್ತಿರದವು ಎಂದು ಅವರು ಕಂಡುಕೊಂಡರು. ಚೆಂಡನ್ನು ಎಷ್ಟು ವೇಗವಾಗಿ ಎಸೆಯುತ್ತಾರೆ, ಕೈಮಾಡುವ ಪ್ರವೃತ್ತಿ ಎಷ್ಟು, ಬಾಂಧವ್ಯವಿಲ್ಲದ ಲೈಂಗಿಕ ಸಂಬಂಧದ ಬಗ್ಗೆ ಧೋರಣೆ ಏನು ಎಂಬಂತಹ ಕೆಲವು ವಿಷಯಗಳಲ್ಲಿ ಮಾತ್ರ ವ್ಯತ್ಯಾಸ ಗಣನೀಯವಾಗಿತ್ತು.

ಮಿದುಳಿನ ವಿಷಯಕ್ಕೆ ಬಂದರೆ, ಡ್ಯಾಫ್ನಾ ಜೋಯೆಲ್ ಮತ್ತು ಸಂಗಡಿಗರು 2015ರಲ್ಲಿ 1,400ಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದರು. ಸರಾಸರಿ ವ್ಯತ್ಯಾಸಗಳು ಇದ್ದವು. ಆದರೆ ಎಲ್ಲ ಭಾಗಗಳೂ ‘ಹೆಣ್ಣಿನ ಮಾದರಿ’ಯಲ್ಲಿಯೇ ಇರುವ ಅಥವಾ ಎಲ್ಲವೂ ‘ಗಂಡಿನ ಮಾದರಿ’ಯಲ್ಲಿಯೇ ಇರುವ ಮಿದುಳು ಸಿಕ್ಕಿದ್ದು ವಿರಳ, ಹೆಚ್ಚಿನ ಮಿದುಳುಗಳು ಅಲ್ಲಿಷ್ಟು ಇಲ್ಲಿಷ್ಟು ಬೆರೆತ ಕೌದಿಯಂತಿದ್ದವು. ಸರಾಸರಿ ಎಂಬುದು ಗುಂಪಿನ ಲೆಕ್ಕ. ನಿಮ್ಮೆದುರು ಕೂತಿರುವ ಒಬ್ಬ ವ್ಯಕ್ತಿಯ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.

ಹೆಂಗಸರು ಗಂಡಸರಿಗಿಂತ ಮೂರು ಪಟ್ಟು ಹೆಚ್ಚು ಮಾತನಾಡುತ್ತಾರಂತೆ?

ದಿನಕ್ಕೆ ಹೆಂಗಸರು 20,000 ಪದ, ಗಂಡಸರು 7,000 ಪದ ಎಂಬ ಲೆಕ್ಕ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂದಿಗೂ ಓಡಾಡುತ್ತಿದೆ. 2007ರಲ್ಲಿ ಮತ್ತಿಯಾಸ್ ಮೆಹ್ಲ್ ಮತ್ತು ಸಂಗಡಿಗರು ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳ ಮೈಮೇಲೆ ಪುಟ್ಟ ಧ್ವನಿಮುದ್ರಣ ಯಂತ್ರ ಇರಿಸಿ ಎಣಿಸಿದಾಗ, ಇಬ್ಬರದೂ ದಿನಕ್ಕೆ ಸುಮಾರು 16,000 ಪದ ಎಂದು ತಿಳಿದುಬಂತು. ಅತಿ ಹೆಚ್ಚು ಮಾತನಾಡಿದವನೂ, ಅಂದರೆ ದಿನಕ್ಕೆ 47,000 ಪದ, ಗಂಡಸು. ಅತಿ ಕಡಿಮೆ, ಸುಮಾರು 700 ಪದ ಆಡಿದವನೂ ಗಂಡಸೇ.

ಇದಕ್ಕೆ 2025ರಲ್ಲಿ ಒಂದು ತಿದ್ದುಪಡಿ ಬಂದಿದೆ. ನಾಲ್ಕು ದೇಶಗಳ 2,197 ಜನರನ್ನು ಒಳಗೊಂಡ ದೊಡ್ಡ ಅಧ್ಯಯನದಲ್ಲಿ, 25ರಿಂದ 64 ವರ್ಷದವರ ಗುಂಪಿನಲ್ಲಿ ಹೆಂಗಸರು ದಿನಕ್ಕೆ ಸುಮಾರು 3,000 ಪದಗಳಷ್ಟು ಹೆಚ್ಚು ಮಾತನಾಡುತ್ತಿದ್ದರು. ಅದಕ್ಕಿಂತ ಚಿಕ್ಕವರಲ್ಲಿಯೂ ವೃದ್ಧರಲ್ಲಿಯೂ ಅಂತಹ ಸ್ಪಷ್ಟ ಅಂತರ ಇರಲಿಲ್ಲ. ಮಾತು ಹೆಣ್ಣಿನ ಹುಟ್ಟುಗುಣವಾಗಿದ್ದರೆ ಅದು ಇಪ್ಪತ್ತರಲ್ಲಿ ಇಲ್ಲದೆ ನಲವತ್ತರಲ್ಲಿ ಬರುವುದು ಹೇಗೆ? ಮಕ್ಕಳನ್ನು ಸಾಕುವ ವಯಸ್ಸು ಅದು ಎಂಬುದು ಸಂಶೋಧಕರು ಮುಂದಿಟ್ಟ ಒಂದು ಸಾಧ್ಯತೆ. ‘ಷೂ ಹಾಕಿಕೋ, ಡಬ್ಬಿ ತಗೋ, ವ್ಯಾನ್ ಬಂತು’ ಎಂದು ಬೆಳಗ್ಗೆ ಏಳೂವರೆಯ ಒಳಗೇ ಎಷ್ಟು ನೂರು ಪದ ಖರ್ಚಾಗುತ್ತವೆ ಎಂದು ಎಣಿಸಿದವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಜಗಳವಾದಾಗ ಹೆಂಡತಿ ಬಿಡದೆ ಕೇಳುತ್ತಾಳೆ, ಗಂಡ ಮಾತು ನಿಲ್ಲಿಸಿ ಎದ್ದು ಹೋಗುತ್ತಾನೆ. ಇದಂತೂ ಎಲ್ಲ ಮನೆಯ ಕಥೆಯಲ್ಲವೇ?

ಹೌದು, ಇದು ಕಟ್ಟುಕಥೆಯಲ್ಲ. ಒಬ್ಬರು ಒತ್ತಾಯಿಸುವುದು, ಇನ್ನೊಬ್ಬರು ಹಿಂದೆ ಸರಿಯುವುದು ಎಂಬ ಈ ವರಸೆ ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ, ಮತ್ತು ಹೆಚ್ಚಾಗಿ ಒತ್ತಾಯಿಸುವವಳು ಹೆಂಡತಿಯೇ. ಹಿಂದೆ ಸರಿಯುವುದಕ್ಕೆ ಬೆಂಗಳೂರಿನಲ್ಲಿ ನಾನಾ ದಾರಿಗಳಿವೆ: ಬಾಲ್ಕನಿಗೆ ಹೋಗಿ ಮೊಬೈಲ್ ಹಿಡಿಯುವುದು, ‘ಹಾಲು ತರ್ತೀನಿ’ ಎಂದು ಚಪ್ಪಲಿ ಮೆಟ್ಟುವುದು, ಇಲ್ಲದ ಆಫೀಸ್ ಕಾಲ್ ಒಂದನ್ನು ಹುಟ್ಟಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಳ್ಳುವುದು.

ಪ್ರಶ್ನೆ ಇರುವುದು ಕಾರಣದಲ್ಲಿ. ಕ್ರಿಸ್ಟೆನ್ಸನ್ ಮತ್ತು ಹೀವಿ ಎಂಬ ಇಬ್ಬರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳನ್ನು ಎರಡು ಸಲ ಮಾತಿಗೆ ಕೂರಿಸಿದರು: ಒಮ್ಮೆ ಮಕ್ಕಳ ಪಾಲನೆಯಲ್ಲಿ ಗಂಡ ಬದಲಾಗಬೇಕೆಂದು ಹೆಂಡತಿ ಬಯಸಿದ ವಿಷಯದ ಮೇಲೆ, ಮತ್ತೊಮ್ಮೆ ಹೆಂಡತಿ ಬದಲಾಗಬೇಕೆಂದು ಗಂಡ ಬಯಸಿದ ವಿಷಯದ ಮೇಲೆ. ಹೆಂಡತಿಯ ಬೇಡಿಕೆಯ ಚರ್ಚೆಯಲ್ಲಿ ನಮಗೆಲ್ಲ ಪರಿಚಿತವಾದ ಚಿತ್ರವೇ ಮೂಡಿತು. ಗಂಡನ ಬೇಡಿಕೆಯ ಚರ್ಚೆಯಲ್ಲಿ ಮಾತ್ರ ಆ ಅಂತರ ಅಳಿಸಿಹೋಯಿತು. 2010ರಲ್ಲಿ ಇನ್ನೊಂದು ತಂಡ, ಇಬ್ಬರೂ ಹೆಂಗಸರಾಗಿರುವ ಮತ್ತು ಇಬ್ಬರೂ ಗಂಡಸರಾಗಿರುವ ಜೋಡಿಗಳನ್ನೂ ಸೇರಿಸಿಕೊಂಡು ನೋಡಿದಾಗ, ಅಲ್ಲಿಯೂ ಇದೇ ವರಸೆ ಇತ್ತು. ಯಾರಿಗೆ ಹೆಚ್ಚು ಬದಲಾವಣೆ ಬೇಕಿತ್ತೋ ಅವರು ಒತ್ತಾಯಿಸುತ್ತಿದ್ದರು.

ಇದನ್ನು ಓದಿದ ಮೇಲೆ ನಾನು ಜಗಳ ಕೇಳುವ ಕ್ರಮವೇ ಬದಲಾಯಿತು. ಇದ್ದದ್ದು ಇದ್ದಂತೆಯೇ ಇದ್ದರೆ ಯಾರಿಗೆ ಅನುಕೂಲ ಎಂದು ಮೊದಲು ನೋಡುತ್ತೇನೆ. ಅನುಕೂಲವಿರುವವರಿಗೆ ಮಾತು ಬೇಕಿಲ್ಲ, ಮೌನವೇ ಅವರ ಕೆಲಸ ಮಾಡಿಕೊಡುತ್ತದೆ; ಅನನುಕೂಲವಿರುವವರಿಗೆ ಮಾತಿನ ಹೊರತು ಬೇರೆ ಸಾಧನವಿಲ್ಲ. ಮದ್ದೂರಿನಲ್ಲಿರುವ ತನ್ನ ತಂದೆ ತಾಯಿಯನ್ನು ಮನೆಗೆ ಕರೆತಂದು ಇಟ್ಟುಕೊಳ್ಳೋಣ ಎಂದು ಗಂಡ ಆರು ತಿಂಗಳಿನಿಂದ ಕೇಳುತ್ತಿರುವ ಮನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಅವನು ಮತ್ತೆ ಮತ್ತೆ ಅದೇ ಮಾತು ತೆಗೆಯುತ್ತಾನೆ, ಆಕೆ ಕುಕ್ಕರ್ ಕೂಗಿತೆಂದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಉಂಡು ಮಲಗಿದ ಮೇಲೆ ಎಂಜಲು ಪಾತ್ರೆ ಯಾರ ಪಾಲಿಗೆ ಉಳಿಯಿತೋ ಅವರಿಗೆ ಆ ಜಗಳ ಮುಗಿದಿರುವುದಿಲ್ಲ.

ಮನೆಗೆಲಸ ಗಂಡಸರ ಕಣ್ಣಿಗೆ ಬೀಳುವುದೇ ಇಲ್ಲ ಎನ್ನುತ್ತಾರೆ. ಇದು ದೃಷ್ಟಿಯ ದೋಷವೇ?

ದೃಷ್ಟಿ ಚೆನ್ನಾಗಿಯೇ ಇರುತ್ತದೆ; ಕಾರಿನ ಮೇಲೆ ಬಿದ್ದ ಕೂದಲೆಳೆಯಷ್ಟು ಗೀರು ಅದೇ ಕಣ್ಣಿಗೆ ಹತ್ತು ಅಡಿ ದೂರದಿಂದ ಕಾಣುತ್ತದೆ. ಯಾವುದಕ್ಕೆ ತಾನು ಹೊಣೆಯೋ ಅದು ಕಾಣುತ್ತದೆ, ಅಷ್ಟೇ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇವು 299 ಮತ್ತು 97 ಆಗಿದ್ದವು. ಐದು ವರ್ಷದಲ್ಲಿ ಇಬ್ಬರದೂ ಸುಮಾರು ಹತ್ತು ಹತ್ತು ನಿಮಿಷ ಇಳಿದಿದೆ, ಅಂತರ ಮಾತ್ರ ಕದಲಿಲ್ಲ. ‘ಮಾಡುವ ಗಂಡಸರು’ ಎಂಬ ಮಾತನ್ನು ಗಮನಿಸಬೇಕು: ಕಸಪೊರಕೆಯನ್ನು ಮುಟ್ಟದವರು ಈ 88ರ ಸರಾಸರಿಯಲ್ಲಿ ಸೇರಿಯೇ ಇಲ್ಲ.

ನಿಮಿಷಗಳಲ್ಲಿ ಅಳೆಯಲಾಗದ ಇನ್ನೊಂದು ಕೆಲಸವಿದೆ, ಅದು ನೆನಪಿಟ್ಟುಕೊಳ್ಳುವ ಕೆಲಸ. ನಾಳೆಗೆ ದೋಸೆ ಹಿಟ್ಟು ಸಾಕಾಗುತ್ತದೆಯೇ, ಸಿಲಿಂಡರ್ ಬುಕ್ ಮಾಡಿ ಎಷ್ಟು ದಿನವಾಯಿತು, ಮಗುವಿನ ಲಸಿಕೆ ಯಾವಾಗ, ಕೆಲಸದವಳು ಊರ ಹಬ್ಬಕ್ಕೆ ಹೋದರೆ ಬದಲಿ ಯಾರು ಎಂಬುದೆಲ್ಲ ಯಾರ ತಲೆಯಲ್ಲಿರುತ್ತದೆ ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಒಂದು ವ್ಯತ್ಯಾಸವನ್ನು ನಾನು ಕಂಡೆ. ಟ್ಯಾಂಕರ್‌ನವರಿಗೆ ಫೋನ್ ಮಾಡಿ ಚೌಕಾಸಿ ಮಾಡುವುದು ಹಲವು ಮನೆಗಳಲ್ಲಿ ಗಂಡಸರ ಪಾಲಿಗೆ ಬಂತು, ಮತ್ತು ಸಂಪಿನಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಅವರಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿರುತ್ತಿತ್ತು. ‘ನಾನೂ ಹೆಂಡತಿಗೆ ಸಹಾಯ ಮಾಡುತ್ತೇನೆ’ ಎಂಬ ವಾಕ್ಯದಲ್ಲಿರುವ ‘ಸಹಾಯ’ ಎಂಬ ಪದವನ್ನು ಒಂದು ತಿಂಗಳು ಬಳಸದೆ ಇರಿ ಎಂದು ನಾನು ಸೂಚಿಸುವುದುಂಟು. ಕೆಲವರಿಗೆ ಅದು ಬಹಳ ಕಷ್ಟವಾಗುತ್ತದೆ.

ಹೆಂಗಸರಿಗೆ ಎದುರಿನವರ ಮನಸ್ಸು ತಾನಾಗಿಯೇ ತಿಳಿಯುತ್ತದೆ, ಗಂಡಸರಿಗೆ ತಿಳಿಯುವುದಿಲ್ಲ ಎನ್ನುವುದು?

ಇದಕ್ಕೆ 2001ರ ಒಂದು ಪ್ರಯೋಗವನ್ನು ನೆನಪಿಸುತ್ತೇನೆ. ಒಬ್ಬ ವ್ಯಕ್ತಿ ಮಾತನಾಡುತ್ತಿರುವ ದೃಶ್ಯ ತೋರಿಸಿ, ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಲು ಕೇಳಲಾಗಿತ್ತು. ಕೆಲವು ಸಂದರ್ಭಗಳಲ್ಲಿ ಹೆಂಗಸರು ಮುಂದಿದ್ದರು. ಸರಿಯಾಗಿ ಊಹಿಸಿದವರಿಗೆ ಹಣ ಕೊಡುತ್ತೇವೆ ಎಂದಾಗ ಇಬ್ಬರ ಸಾಮರ್ಥ್ಯವೂ ಏರಿತು, ಇಬ್ಬರ ನಡುವಿನ ಅಂತರ ಇಲ್ಲವಾಯಿತು. ಮೇಲಧಿಕಾರಿಯ ಮುಖ ನೋಡಿಯೇ ಇವತ್ತು ರಜೆ ಕೇಳಬಹುದೇ ಬೇಡವೇ ಎಂದು ಗ್ರಹಿಸಬಲ್ಲ ಗಂಡಸರು ನಮ್ಮ ಟೆಕ್ ಪಾರ್ಕುಗಳಲ್ಲಿ ಸಾವಿರಾರು ಜನರಿದ್ದಾರೆ.

ಗಂಡಸರಿಗೆ ಭಾವನೆ ಕಡಿಮೆ, ಅದಕ್ಕೇ ಅವರು ಅಳುವುದಿಲ್ಲ ಎನ್ನುತ್ತಾರಲ್ಲ?

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆ ನಮ್ಮಲ್ಲಿದೆ. ನಿಷೇಧಿಸಬೇಕಾಗಿ ಬಂದಿದೆ ಎಂದರೆ ಅದು ಸಹಜವಾಗಿ ಆಗುತ್ತಿತ್ತು ಎಂದೇ ಅರ್ಥ. ಶಿಶುಗಳಾಗಿದ್ದಾಗ ಗಂಡು ಹೆಣ್ಣು ಎರಡೂ ಸರಿಸುಮಾರು ಸಮಾನವಾಗಿ ಅಳುತ್ತವೆ. ಅಂತರ ಎದ್ದು ಕಾಣುವುದು ಹರೆಯದ ಹೊತ್ತಿಗೆ. ದೊಡ್ಡವರಲ್ಲಿ ಹೆಂಗಸರು ಹೆಚ್ಚು ಸಲ ಅಳುತ್ತಾರೆ ಎಂಬುದು ಹಲವು ದೇಶಗಳಲ್ಲಿ ಕಂಡ ಸತ್ಯ. ಆದರೆ 37 ದೇಶಗಳ ಹೋಲಿಕೆಯಲ್ಲಿ, ಈ ಅಂತರ ಹೆಚ್ಚಾಗಿದ್ದುದು ಭಾವನೆ ತೋರಲು ಹೆಚ್ಚು ಸ್ವಾತಂತ್ರ್ಯವಿರುವ ಶ್ರೀಮಂತ ದೇಶಗಳಲ್ಲಿ. ಅಳುವುದಕ್ಕೂ ಅನುಮತಿ ಬೇಕು.

ಅನುಮತಿ ಇಲ್ಲದಿರುವುದರ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ 1,70,924 ಜನರಲ್ಲಿ ಸುಮಾರು 72% ಗಂಡಸರು, ಮತ್ತು ದಾಖಲಾದ ಕಾರಣಗಳಲ್ಲಿ ಮೊದಲ ಸ್ಥಾನದಲ್ಲಿದ್ದುದು ಕೌಟುಂಬಿಕ ಸಮಸ್ಯೆ. ಇದನ್ನು ‘ಹೆಂಗಸರ ಕಾಟ’ ಎಂದು ಓದುವವರೂ ಇದ್ದಾರೆ. ನನ್ನ ಅನುಭವದಲ್ಲಿ, ತನ್ನ ಮನಸ್ಸಿನ ಮಾತನ್ನು ಹೆಂಡತಿಯೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಹೇಳಿ ರೂಢಿಯಿಲ್ಲದ ಗಂಡಸಿಗೆ, ಹೆಂಡತಿಯ ಜೊತೆಗೇ ಮುನಿಸು ಬಂದಾಗ ಹೋಗಲು ಇನ್ನೊಂದು ಬಾಗಿಲು ಇರುವುದಿಲ್ಲ. ಹೆಂಗಸರಿಗೆ ಅಕ್ಕ, ಗೆಳತಿ, ಕೆಳಗಿನ ಮನೆಯ ಆಂಟಿ ಎಂದು ನಾಲ್ಕಾರು ಬಾಗಿಲುಗಳಿರುತ್ತವೆ. ಗಂಡಸರ ಗೆಳೆತನ ದರ್ಶಿನಿಯ ಮುಂದೆ ಬೈಟೂ ಕಾಫಿ ಹಿಡಿದು ಒಂದು ಗಂಟೆ ನಿಂತರೂ ಕ್ರಿಕೆಟ್ ದಾಟಿ ಮನೆಯ ವಿಷಯಕ್ಕೆ ಬರುವುದು ಅಪರೂಪ.

ಪ್ರೀತಿಯಲ್ಲಿ ಮೊದಲು ಬೀಳುವುದು ಹೆಂಗಸರು, ಬಿಟ್ಟು ಹೋಗುವುದು ಗಂಡಸರು ಎಂಬುದು ಸರಿಯೇ?

ಅಧ್ಯಯನಗಳು ಹೇಳುವುದು ಹೆಚ್ಚುಕಡಿಮೆ ತದ್ವಿರುದ್ಧ. ಪ್ರೀತಿಯನ್ನು ಮೊದಲು ಬಾಯಿಬಿಟ್ಟು ಹೇಳುವವರು ಹೆಂಗಸರು ಎಂದು ಜನ ಊಹಿಸುತ್ತಾರೆ. ಜೋಡಿಗಳನ್ನೇ ಕೇಳಿದಾಗ ಹೆಚ್ಚಿನವರಲ್ಲಿ ಮೊದಲು ಹೇಳಿದವನು ಗಂಡಸು ಎಂದು 2011ರ ಅಧ್ಯಯನ ತೋರಿಸಿತು. ಅಮೆರಿಕದಲ್ಲಿ 2009ರಿಂದ 2015ರವರೆಗೆ ಜೋಡಿಗಳನ್ನು ಗಮನಿಸಿದ ಸಮಾಜವಿಜ್ಞಾನಿ ಮೈಕೆಲ್ ರೋಸೆನ್‌ಫೆಲ್ಡ್, ವಿಚ್ಛೇದನಗಳಲ್ಲಿ 69% ಹೆಂಡತಿಯರೇ ಬಯಸಿದವು ಎಂದು ಕಂಡರು. ಕುತೂಹಲದ ಭಾಗ ಇನ್ನೂ ಮುಂದಿದೆ. ಮದುವೆಯಾಗದೆ ಜೊತೆಗಿದ್ದವರು ಬೇರೆಯಾದಾಗ ಹೆಣ್ಣು ಗಂಡಿನ ನಡುವೆ ಅಂತಹ ಅಂತರ ಇರಲಿಲ್ಲ. ಹಾಗಾದರೆ ಹೆಣ್ಣಿನ ಮನಸ್ಸು ಚಂಚಲ ಎಂದು ತೀರ್ಮಾನಿಸುವುದೋ, ಮದುವೆ ಎಂಬ ಏರ್ಪಾಡಿನಲ್ಲಿಯೇ ಆಕೆಗೆ ಭಾರವಾಗುವ ಏನೋ ಇದೆ ಎಂದು ಯೋಚಿಸುವುದೋ?

ನಮ್ಮಲ್ಲಿ ಈ ಲೆಕ್ಕವನ್ನು ನೇರವಾಗಿ ಹಚ್ಚಲಾಗದು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ವಿಧಿಯಡಿ ಪರಸ್ಪರ ಒಪ್ಪಿಗೆಯ ಅರ್ಜಿಗೆ ಇಬ್ಬರೂ ಸಹಿ ಹಾಕುವುದರಿಂದ, ಮೊದಲು ಯಾರು ಬಯಸಿದರು ಎಂಬುದು ಕಾಗದದಲ್ಲಿ ಕಾಣುವುದಿಲ್ಲ.

ಹೆಣ್ಣಿಗೆ ಗಂಡಿನ ಸಂಬಳ, ಗಂಡಿಗೆ ಹೆಣ್ಣಿನ ರೂಪ: ವಧುವರರ ಆಯ್ಕೆ ನಡೆಯುವುದು ಇಷ್ಟರಲ್ಲಿಯೇ ಅಲ್ಲವೇ?

ಡೇವಿಡ್ ಬಸ್ 1989ರಲ್ಲಿ ಪ್ರಕಟಿಸಿದ, 37 ಸಮಾಜಗಳ ಹತ್ತು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ಈ ಮಾತಿಗೆ ಸ್ವಲ್ಪ ಬಲ ಕೊಡುತ್ತದೆ. ಸರಾಸರಿಯಲ್ಲಿ ಹೆಂಗಸರು ಗಳಿಕೆಗೂ ಗಂಡಸರು ರೂಪಕ್ಕೂ ಹೆಚ್ಚು ತೂಕ ಕೊಟ್ಟಿದ್ದರು. ಅದೇ ಸಮೀಕ್ಷೆಯಲ್ಲಿ ಒಳ್ಳೆಯತನ, ಬುದ್ಧಿವಂತಿಕೆಗಳನ್ನು ಇಬ್ಬರೂ ಈ ಎರಡಕ್ಕಿಂತ ಮೇಲೆ ಇಟ್ಟಿದ್ದರು ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ. ಹತ್ತು ವರ್ಷದ ನಂತರ ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಗಳನ್ನು ಮತ್ತೆ ತೆಗೆದು ನೋಡಿ, ಹೆಂಗಸರಿಗೆ ಸ್ವಂತ ಗಳಿಕೆ ಮತ್ತು ಸ್ಥಾನಮಾನಗಳ ಅವಕಾಶ ಹೆಚ್ಚಿರುವ ದೇಶಗಳಲ್ಲಿ ಗಂಡಿನ ಸಂಬಳದ ಮೇಲಿನ ಈ ಒತ್ತು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಕೆಲಸಕ್ಕೆ ಹೋಗಲು ಬಿಡುತ್ತಾರೋ ಇಲ್ಲವೋ ತಿಳಿಯದ ಮನೆಗೆ ಹೋಗುವ ಹುಡುಗಿ ಸಂಬಳದ ಬಗ್ಗೆ ವಿಚಾರಿಸದೆ ಇನ್ನೇನು ಮಾಡಬೇಕು? ವಧುವರರ ಆ್ಯಪ್‌ಗಳಲ್ಲಿ ವಾರ್ಷಿಕ ಆದಾಯವನ್ನು ಸೋಸುವ ಸೌಲಭ್ಯವಿದೆ, ಒಳ್ಳೆಯತನವನ್ನು ಸೋಸುವ ಸೌಲಭ್ಯವಿಲ್ಲ.

ಹೆಣ್ಣಿಗೆ ಹೆಣ್ಣೇ ಶತ್ರು ಎಂಬುದಕ್ಕೆ ಅತ್ತೆ ಸೊಸೆಯರೇ ಸಾಕ್ಷಿಯಲ್ಲವೇ?

ಇಬ್ಬರು ಅಣ್ಣತಮ್ಮಂದಿರು ಜಮೀನಿಗಾಗಿ ಮೂವತ್ತು ವರ್ಷ ನ್ಯಾಯಾಲಯಕ್ಕೆ ಅಲೆದರೆ ಅದನ್ನು ನಾವು ಆಸ್ತಿ ವ್ಯಾಜ್ಯ ಎನ್ನುತ್ತೇವೆ. ‘ಗಂಡಿಗೆ ಗಂಡೇ ಶತ್ರು’ ಎಂಬ ಗಾದೆ ಹುಟ್ಟಿಲ್ಲ. ಒಂದು ಅಡುಗೆಮನೆ ಮತ್ತು ಒಬ್ಬ ಮಗ, ಇವೆರಡೇ ತನ್ನ ಅಧಿಕಾರದ ವ್ಯಾಪ್ತಿ ಎಂದು ನಲವತ್ತು ವರ್ಷ ಬದುಕಿದವಳ ಎದುರು, ಅದೇ ಎರಡರಲ್ಲಿ ಪಾಲು ಕೇಳುತ್ತಾ ಇನ್ನೊಬ್ಬಳು ಬಂದರೆ ಘರ್ಷಣೆ ಆಗುವುದು ಸಹಜ.

ಮಗುವನ್ನು ನೋಡಿಕೊಳ್ಳುವುದು ತಾಯಿಗೆ ಹುಟ್ಟಿನಿಂದ ಬಂದ ಕಲೆ, ತಂದೆಗೆ ಅದು ಬರುವುದಿಲ್ಲವೇ?

ಹೆರುವುದು, ಹಾಲೂಡಿಸುವುದು ತಾಯಿಯ ದೇಹಕ್ಕೆ ಸೇರಿದ್ದು. ಉಳಿದದ್ದನ್ನು ಇಬ್ಬರೂ ಕಲಿಯುತ್ತಾರೆ. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ 624 ಯುವಕರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಾದವರಲ್ಲಿ ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನಿನ ಮಟ್ಟ ಗಣನೀಯವಾಗಿ ಇಳಿದಿತ್ತು, ಮತ್ತು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಆರೈಕೆಗೆ ಗಂಡಿನ ದೇಹವೂ ಸ್ಪಂದಿಸುತ್ತದೆ, ಆರೈಕೆ ಮಾಡಿದರೆ.

ಮಾಡಲು ನಾವು ಅವಕಾಶ ಕೊಡುವುದು ಹೇಗೆ? 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ತಂದೆಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿ 15 ದಿನ, ಖಾಸಗಿ ಕಂಪನಿಗಳಲ್ಲಿ ಅವರವರು ಕೊಟ್ಟಷ್ಟು. ಜೊತೆಗೆ ನಮ್ಮ ಬಾಣಂತನದ ಪದ್ಧತಿಯಲ್ಲಿ ತಾಯಿ ಮಗು ತವರಿಗೆ ಹೋಗಿ ಮೂರು ತಿಂಗಳೋ ಐದು ತಿಂಗಳೋ ಅಲ್ಲಿರುತ್ತಾರೆ. ಬಾಣಂತಿಗೆ ಅದರಿಂದ ಸಿಗುವ ವಿಶ್ರಾಂತಿ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಂದೆ ಮಾತ್ರ ಶನಿವಾರ ಬಸ್ ಹಿಡಿದು ಬಂದು ಭಾನುವಾರ ರಾತ್ರಿ ಹೊರಡುವ ಅತಿಥಿಯಾಗುತ್ತಾನೆ. ಮಗು ಬೆಂಗಳೂರಿಗೆ ಬರುವ ಹೊತ್ತಿಗೆ ತಾಯಿಗೆ ನೂರು ದಿನದ ಅನುಭವವಿರುತ್ತದೆ, ಅವನಿಗೆ ಹತ್ತು ದಿನದ್ದು. ಮಗು ಅತ್ತಾಗ ಅವನು ಅದನ್ನು ಆಕೆಯ ಕೈಗೆ ಕೊಡುವುದು, ‘ನೋಡಿದಿರಾ, ತಾಯಿಯ ಕರುಳು’ ಎಂದು ಮನೆಯವರು ಹೇಳುವುದು ಅಲ್ಲಿಂದ ಶುರುವಾಗುತ್ತದೆ.

ಹಾಗಾದರೆ ಹೆಣ್ಣು ಗಂಡಿನ ನಡುವೆ ಮುಖ್ಯವಾದ ವ್ಯತ್ಯಾಸವೇ ಇಲ್ಲ ಎನ್ನುತ್ತೀರಾ?

ಇಲ್ಲ, ಒಂದನ್ನು ಕಡೆಗಣಿಸಲು ಸಾಧ್ಯವೇ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಂದರೆ 2019-21ರಲ್ಲಿ, ಕರ್ನಾಟಕದಲ್ಲಿ ಮದುವೆಯಾಗಿರುವ ಅಥವಾ ಹಿಂದೆ ಆಗಿದ್ದ 18ರಿಂದ 49 ವರ್ಷದ ಹೆಂಗಸರಲ್ಲಿ 44.4% ಜನ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ‘ಗಂಡಸರಿಗೆ ಸಿಟ್ಟು ಜಾಸ್ತಿ’ ಎಂಬ ಮಾತು ಇದಕ್ಕೆ ವಿವರಣೆಯಾಗುವುದಿಲ್ಲ. ಟ್ರಾಫಿಕ್ ಪೊಲೀಸರ ಮುಂದೆಯೂ ಮ್ಯಾನೇಜರ್ ಮುಂದೆಯೂ ಆ ಸಿಟ್ಟು ಅಂಕೆಯಲ್ಲಿಯೇ ಇರುತ್ತದೆ. ಇಲ್ಲಿ ಸಮಾಲೋಚನೆಗಿಂತ ಮೊದಲು ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮಾತಿನ, ಮಾನಸಿಕ ಮತ್ತು ಆರ್ಥಿಕ ಕಿರುಕುಳವೂ ಹಿಂಸೆಯೇ. ಸಹಾಯಕ್ಕೆ ಮಹಿಳಾ ಸಹಾಯವಾಣಿ 181 ಇದೆ, ತುರ್ತಿದ್ದರೆ 112. ನಗರ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿಯೂ ಇದೆ.

ಗಂಡ ಸಮಾಲೋಚನೆಗೆ ಬರಲು ಒಪ್ಪುವುದಿಲ್ಲ. ನಾನೊಬ್ಬಳೇ ಬರಬಹುದೇ?

ಬರಬಹುದು. ಹೆಂಡತಿ ಒಪ್ಪದೆ ಗಂಡಸರು ಒಬ್ಬರೇ ಬಂದದ್ದೂ ಇದೆ. ಮನಸ್ಸಿಗೆ ತೀರಾ ಕಷ್ಟವಾದಾಗ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416 ಉಚಿತವಾಗಿ ಲಭ್ಯವಿದೆ. ವಿಷಯ ಈಗಾಗಲೇ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿದ್ದರೆ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಪ್ರಕರಣವನ್ನು ಕಳುಹಿಸುವಂತೆ ನ್ಯಾಯಾಧೀಶರನ್ನು ಕೇಳಿಕೊಳ್ಳಬಹುದು. ಅಲ್ಲಿ ಆಡಿದ ಮಾತು ಗೌಪ್ಯವಾಗಿರುತ್ತದೆ.

ಬರುವಾಗ ಒಂದು ವಾರದ ಪಟ್ಟಿ ಮಾಡಿಕೊಂಡು ಬನ್ನಿ. ಮನೆಯಲ್ಲಿ ಏನೇನು ಕೆಲಸವಾಯಿತು, ಅದನ್ನು ಮಾಡಿದವರು ಯಾರು, ಮಾಡಬೇಕೆಂದು ನೆನಪಿಸಿದವರು ಯಾರು, ಎಂದು ಮೂರು ಸಾಲು ಹಾಕಿದರೆ ಸಾಕು. ಗಂಡಸರು ಹೇಗೆ, ಹೆಂಗಸರು ಹೇಗೆ ಎಂಬ ಕಲಂ ಅದರಲ್ಲಿ ಬೇಡ.